ತುಮರಿ ತೋಟದಲ್ಲಿ ಎರಡು ರಾತ್ರಿ: ಟ್ರೇಲರ್‌ಗೆ ಯಾವ ಬ್ಯಾಟರಿ?

ಪ್ರಶ್ನೆ: ಶಿವಮೊಗ್ಗದ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಸಣ್ಣ ಕ್ಯಾಂಪಿಂಗ್ ಟ್ರೇಲರ್ ಮಾಡಿಸಿಕೊಂಡಿದ್ದೇನೆ. ಬೊಲೆರೊ ಹಿಂದೆ ಕಟ್ಟಿಕೊಂಡು ತುಮರಿ ಹತ್ತಿರ ನೆಂಟರ ತೋಟಕ್ಕೆ, ಶರಾವತಿ ಹಿನ್ನೀರ ದಂಡೆಗೆ ಹೋಗುತ್ತೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಎರಡು ರಾತ್ರಿ. ಅಲ್ಲಿ ಕರೆಂಟ್ ಇಲ್ಲ. 40 ಲೀಟರಿನ 12 ವೋಲ್ಟ್ ಫ್ರಿಜ್, ಲೈಟು, ಒಂದು ಫ್ಯಾನು, ಫೋನು, ಲ್ಯಾಪ್‌ಟಾಪ್, ಮಿಕ್ಸಿ ಇವೆ. ಇಂಡಕ್ಷನ್ ಒಲೆಯನ್ನೂ ಒಯ್ಯೋಣ ಅನ್ನುತ್ತಾರೆ ಮನೆಯವರು. ಮನೆಯ ಇನ್ವರ್ಟರಿನ 150 ಎಎಚ್ (ಆಂಪ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬುಲರ್ ಬ್ಯಾಟರಿ ಇದೆ, ಮೂರು ವರ್ಷದ್ದು. ಅದನ್ನೇ ಹಾಕಿ ಅಂತ ಒಬ್ಬರು, ಲಾರಿ ಬ್ಯಾಟರಿ ಸಾಕು ಅಂತ ಇನ್ನೊಬ್ಬರು, ಲಿಥಿಯಂ ತಗೋ ಅಂತ ಮಗ. ಯಾವುದನ್ನು ತಗೊಳ್ಳಲಿ, ಎಷ್ಟು ದೊಡ್ಡದು?

ಉತ್ತರ: ಮಗ ಹೇಳಿದ್ದು ಸರಿ. ಆದರೆ ಅವನ ಕಾರಣ ಬಹುಶಃ ಬೇರೆ, ನನ್ನ ಕಾರಣ ಬೇರೆ. ಲಿಥಿಯಂ ಹಗುರ, ಬಾಳಿಕೆ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ನಾನು ನೋಡುವುದು ಖಾಲಿಯಾದ ಮೇಲೆ ಅದನ್ನು ಎಲ್ಲಿ, ಎಷ್ಟು ಹೊತ್ತಿನಲ್ಲಿ ತುಂಬಿಸುತ್ತೀರಿ ಅನ್ನುವುದನ್ನು. ನಮ್ಮ ಕಡೆ ತೋಟದ ನೆರಳು, ಮೋಡ, ಮಳೆ ಇರುವ ಜಾಗದಲ್ಲಿ ಬ್ಯಾಟರಿ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಲಾರಿ ಬ್ಯಾಟರಿ ವಿಷಯ ಮುಗಿಸಿಬಿಡೋಣ. ಲಾರಿ, ಕಾರು, ಟ್ರ್ಯಾಕ್ಟರಿನ ಬ್ಯಾಟರಿ ಇರುವುದು ಎಂಜಿನ್ ಸ್ಟಾರ್ಟ್ ಮಾಡಲಿಕ್ಕೆ. ಮೂರ್ನಾಲ್ಕು ಸೆಕೆಂಡ್ ನೂರಾರು ಆಂಪ್ ಕೊಡಬೇಕು, ಆಮೇಲೆ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಡೈನಮೊ) ಅದನ್ನು ತಕ್ಷಣ ತುಂಬಿಸುತ್ತದೆ. ಅದಕ್ಕೇ ಒಳಗೆ ತೆಳು ಪ್ಲೇಟುಗಳು, ಜಾಸ್ತಿ ಸಂಖ್ಯೆಯಲ್ಲಿ. ಅದನ್ನು ರಾತ್ರಿಯಿಡೀ ನಿಧಾನವಾಗಿ ಖಾಲಿ ಮಾಡಿ, ಬೆಳಿಗ್ಗೆ ತುಂಬಿಸಿ, ಮತ್ತೆ ಖಾಲಿ ಮಾಡುತ್ತಾ ಹೋದರೆ ಪ್ಲೇಟಿನ ಪೇಸ್ಟ್ ಉದುರಿ ತಳ ಸೇರುತ್ತದೆ. ನೂರು ಮೀಟರ್ ಓಡುವ ಹುಡುಗನ ತಲೆ ಮೇಲೆ ಅಡಿಕೆ ಮೂಟೆ ಹೊರಿಸಿ ಘಾಟಿ ಹತ್ತು ಅಂದ ಹಾಗೆ. ಒಂದು ಸೀಸನ್ ಕೂಡ ಬಾಳುವುದು ಕಷ್ಟ.

ನಿಮಗೆ ಬೇಕಾದದ್ದು ಡೀಪ್ ಸೈಕಲ್ ಬ್ಯಾಟರಿ. ಅಂದರೆ ಆಳದ ತನಕ ಖಾಲಿಯಾಗಿ ಮತ್ತೆ ತುಂಬುವುದನ್ನು ನೂರಾರು ಸಲ ತಡೆದುಕೊಳ್ಳುವ ಬ್ಯಾಟರಿ. ನಮ್ಮ ಮನೆಗಳ ಜಗಲಿ ಮೂಲೆಯಲ್ಲಿ ಕೂತಿರುವ ಎತ್ತರದ ಟ್ಯೂಬುಲರ್ ಕೂಡ ಇದೇ ಜಾತಿಯದು. ಅದರಲ್ಲಿ ಸೀಸದ ಕಡ್ಡಿಗಳ ಸುತ್ತ ಬಟ್ಟೆಯಂಥ ಕೊಳವೆ ಇರುತ್ತದೆ, ಪೇಸ್ಟ್ ಅದರೊಳಗೆ ಬಂದಿ. ಸುಲಭಕ್ಕೆ ಉದುರುವುದಿಲ್ಲ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಹೋದಾಗ ನಮ್ಮನ್ನೆಲ್ಲ ಕಾಪಾಡಿದ್ದು ಇದೇ.

ಹಾಗಾದರೆ ಮನೆಯದ್ದನ್ನೇ ಹಾಕಬಹುದಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಕೆಲವು ವರ್ಷದ ಹಿಂದೆ ನನ್ನ ಟ್ರೇಲರಿನ ಮುಂದಿನ ಪೆಟ್ಟಿಗೆಗೆ ಮನೆಯ ಟ್ಯೂಬುಲರ್ ಇಳಿಸಿ, ಹಗ್ಗ ಬಿಗಿದು ಹುಲಿಕಲ್ ಘಾಟಿ ಇಳಿದು ಬಂದೆ. ಕೆಳಗೆ ಬಂದು ಪೆಟ್ಟಿಗೆ ತೆಗೆದರೆ ಏನೂ ಆಗಿರಲಿಲ್ಲ, ಮುಚ್ಚಳದ ಸುತ್ತ ಸ್ವಲ್ಪ ತೇವ ಅಷ್ಟೆ. ನೀರು ಅಂದುಕೊಂಡು ಪಕ್ಕದಲ್ಲಿದ್ದ ಬೆಡ್‌ಶೀಟಿನಲ್ಲೇ ಒರೆಸಿದೆ. ಮನೆಗೆ ಬಂದು ಒಗೆದು ಹಿಂಡಿದಾಗ ಬೆಡ್‌ಶೀಟು ಕೈಯಲ್ಲೇ ಜಾಳಾಯಿತು, ಬೆರಳು ತೂರುವಷ್ಟು ದೊಡ್ಡ ತೂತುಗಳು. ಆಸಿಡ್ ಬಿದ್ದ ಬಟ್ಟೆ ಮೊದಲು ಚೆನ್ನಾಗಿಯೇ ಕಾಣುತ್ತದೆ, ಒಗೆದಾಗ ನಿಜ ಹೊರಗೆ ಬರುತ್ತದೆ. ಪೆಟ್ಟಿಗೆಯ ತಗಡೂ ಎರಡೇ ತಿಂಗಳಲ್ಲಿ ತುಕ್ಕು ಹಿಡಿದು ಪದರ ಎದ್ದಿತು. ಅಡುಗೆ ಸೋಡಾ ನೀರಲ್ಲಿ ಕದಡಿ ಅವತ್ತೇ ಸುರಿದಿದ್ದರೆ ಅದು ಉಳಿಯುತ್ತಿತ್ತು. ಎತ್ತರದ ಬ್ಯಾಟರಿ, ಒಳಗೆ ತೊನೆದಾಡುವ ಆಸಿಡ್, ಮೇಲೆ ಗಾಳಿಯಾಡುವ ಮುಚ್ಚಳ. ಹೇರ್‌ಪಿನ್ ತಿರುವಿಗೆ ಹೇಳಿ ಮಾಡಿಸಿದ್ದಲ್ಲ ಅದು. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬಿಡುತ್ತದೆ. ಅದು ಹತ್ತಿಕೊಳ್ಳುವ ಗಾಳಿ. ಮಲಗುವ ಜಾಗದ ಕೆಳಗೆ ಅದನ್ನು ಇಡುವ ಮಾತೇ ಬೇಡ.

ಇನ್ನು ತೂಕ. 150 ಎಎಚ್ ಟ್ಯೂಬುಲರ್ ಆಸಿಡ್ ಸೇರಿ 50 ಕೆಜಿ ದಾಟುತ್ತದೆ. ಇಬ್ಬರು ಉಸಿರು ಬಿಗಿಹಿಡಿದು ಎತ್ತಬೇಕು. ಸಣ್ಣ ಟ್ರೇಲರಿನಲ್ಲಿ ಅಷ್ಟು ತೂಕ ಅಚ್ಚಿನ ಹಿಂದೆ ಕೂತರೆ ಬಾಲ ಅಲ್ಲಾಡಿಸುತ್ತದೆ, ತೀರಾ ಮುಂದೆ ಕೂತರೆ ಬೊಲೆರೊದ ಹಿಂಭಾಗ ಕೂರುತ್ತದೆ.

ಸರಿ, ಈಗ ನಿಮ್ಮ ಖರ್ಚಿನ ಲೆಕ್ಕ. ಎಎಚ್ ಅಂತ ತಲೆ ಕೆಡಿಸಿಕೊಳ್ಳಬೇಡಿ, ಕರೆಂಟ್ ಬಿಲ್ಲಿನ ಯೂನಿಟ್ ಲೆಕ್ಕದಲ್ಲೇ ನೋಡೋಣ. ಒಂದು ಯೂನಿಟ್ ಅಂದರೆ ಒಂದು ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ಓಡುವಷ್ಟು ಕರೆಂಟ್, ಅಂದರೆ 1000 ವ್ಯಾಟ್ ಅವರ್. ನಿಮ್ಮ ಫ್ರಿಜ್ ಕಂಪ್ರೆಸರ್ ಓಡುವಾಗ 45 ವ್ಯಾಟ್‌ನಷ್ಟು ಎಳೆದೀತು. ಆದರೆ ಇಡೀ ದಿನ ಓಡುವುದಿಲ್ಲ, ಮೂರರಲ್ಲಿ ಒಂದು ಪಾಲು ಅಥವಾ ಸ್ವಲ್ಪ ಜಾಸ್ತಿ ಹೊತ್ತು ಓಡುತ್ತದೆ. ದಿನಕ್ಕೆ 400 ವ್ಯಾಟ್ ಅವರ್ ಹಿಡಿಯಿರಿ. 15 ವ್ಯಾಟಿನ ಡಿಸಿ ಫ್ಯಾನ್ ಎಂಟು ಗಂಟೆಗೆ 120. ಎಲ್‌ಇಡಿ ಲೈಟುಗಳೆಲ್ಲ ಸೇರಿ 75. ನಾಲ್ಕು ಫೋನಿಗೆ 60. ಲ್ಯಾಪ್‌ಟಾಪ್ ಒಂದು ಸಲ ತುಂಬಿಸಲು ಇನ್ವರ್ಟರ್ ನಷ್ಟವೂ ಸೇರಿ 100. ಮಿಕ್ಸಿಯಲ್ಲಿ ಒಂದು ನಿಮಿಷ ಚಟ್ನಿ ಅರೆದರೆ ಬರೀ 10. ಒಟ್ಟು 765. ಅಂದರೆ ದಿನಕ್ಕೆ ಮುಕ್ಕಾಲು ಯೂನಿಟ್, ಎರಡು ದಿನಕ್ಕೆ ಒಂದೂವರೆ.

ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ದಶಕಗಳಿಂದ ರಾಜ್ಯಕ್ಕೆ ಕರೆಂಟ್ ಕೊಡುತ್ತಿರುವ ಶರಾವತಿಯ ಹಿನ್ನೀರ ದಂಡೆಯಲ್ಲೇ ಕೂತು ನಾವು ಮುಕ್ಕಾಲು ಯೂನಿಟ್ಟಿಗೆ ಬೆರಳು ಮಡಚುತ್ತಿದ್ದೇವೆ. ಇರಲಿ.

ಇಂಡಕ್ಷನ್ ಒಲೆ ಇಲ್ಲೇ ಬಿದ್ದುಹೋಗುತ್ತದೆ. ಅದು ಎಳೆಯುವುದು 1800 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಅಷ್ಟು ತೆಗೆಯಬೇಕಾದರೆ 150 ಆಂಪಿಗಿಂತ ಜಾಸ್ತಿ ಹರಿಯಬೇಕು. ಅರ್ಧ ಗಂಟೆ ಅಡುಗೆಗೆ ಒಂದು ಯೂನಿಟ್ ಹೋಯಿತು, ಫ್ರಿಜ್ಜಿನ ಎರಡು ದಿನದ ಊಟಕ್ಕಿಂತ ಜಾಸ್ತಿ. ಮನೆಯವರಿಗೆ ಹೇಳಿ, 5 ಕೆಜಿಯ ಸಣ್ಣ ಸಿಲಿಂಡರ್ ಒಯ್ದರೆ ಅನ್ನ, ಸಾರು, ಬೆಳಗಿನ ಕಾಫಿ, ಸ್ನಾನದ ನೀರು ಎಲ್ಲಾ ಆಗುತ್ತದೆ. ಬಿಸಿ ಮಾಡುವ ಯಾವ ಸಾಮಾನೂ ಬ್ಯಾಟರಿ ಮೇಲೆ ಬೇಡ. ಮಿಕ್ಸಿ ಎಷ್ಟೇ ಕೂಗಾಡಿದರೂ ತಿನ್ನುವುದು ಕಡಿಮೆ, ಒಂದು ನಿಮಿಷಕ್ಕೆ ನಿಲ್ಲುತ್ತದಲ್ಲ. ಅದಕ್ಕೆ 1000 ವ್ಯಾಟಿನ ಪ್ಯೂರ್ ಸೈನ್ (ಮನೆ ಕರೆಂಟಿನಂಥದ್ದೇ ಕೊಡುವ) ಇನ್ವರ್ಟರ್ ಸಾಕು.

ಈಗ ಯಾವ ಬ್ಯಾಟರಿ ಎಷ್ಟು ಕೊಡುತ್ತದೆ ನೋಡಿ. 150 ಎಎಚ್ ಟ್ಯೂಬುಲರ್ ಮೇಲೆ ಬರೆದಿರುವ ಲೆಕ್ಕ 1.8 ಯೂನಿಟ್. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಎಳೆದಷ್ಟೂ ಅದರ ಆಯಸ್ಸು ಕಡಿಮೆ. ಟ್ಯೂಬುಲರ್ ಗಟ್ಟಿ ಜೀವ, ಇನ್ನೂ ಸ್ವಲ್ಪ ಎಳೆದರೂ ತಡೆದೀತು. ಆದರೂ ನಾನು ಅರ್ಧಕ್ಕೇ ಲೆಕ್ಕ ಹಾಕುವುದು. ಹಾಗಾದರೆ ಕೈಗೆ ಸಿಗುವುದು 0.9 ಯೂನಿಟ್. ಅದೂ ಹೊಸದಾಗಿದ್ದರೆ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ (ನಾನು ಇಲ್ಲಿ ಲಿಥಿಯಂ ಅನ್ನುವುದು ಇದನ್ನೇ) ಬ್ಯಾಟರಿಯಲ್ಲಿ ಇರುವುದು 1.28 ಯೂನಿಟ್, ಹತ್ತರಲ್ಲಿ ಒಂಬತ್ತು ಪಾಲು ತೆಗೆದರೂ ಅದಕ್ಕೆ ಬೇಜಾರಿಲ್ಲ. 1.15 ಯೂನಿಟ್ ಸಿಕ್ಕಿತು. ತೂಕ 11ರಿಂದ 13 ಕೆಜಿ. ಅಂದರೆ ಸಣ್ಣ ಅಂಕಿ ಬರೆದುಕೊಂಡಿರುವ ಹಗುರದ ಪೆಟ್ಟಿಗೆ, ದೊಡ್ಡ ಅಂಕಿಯ ಭಾರದ ಪೆಟ್ಟಿಗೆಗಿಂತ ಜಾಸ್ತಿ ಕೊಡುತ್ತಿದೆ. ನಡುವೆ ಎಜಿಎಂ ಅಂತ ಸೀಲ್ ಮಾಡಿದ ಸೀಸದ ಬ್ಯಾಟರಿಯೂ ಸಿಗುತ್ತದೆ. ಚೆಲ್ಲುವುದಿಲ್ಲ, ನೀರು ಹಾಕುವ ರಗಳೆ ಇಲ್ಲ, ಆದರೆ ಅರ್ಧದ ನಿಯಮ ಅದಕ್ಕೂ ಇದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಲಿಥಿಯಂ ತಗೊಳ್ಳುವುದೇ ಮೇಲು.

ತುಂಬಿಸುವ ವಿಷಯಕ್ಕೆ ಬರೋಣ. ಸೀಸದ ಬ್ಯಾಟರಿ ತುಂಬುವುದು ಸಕ್ಕರೆ ಡಬ್ಬ ತುಂಬಿದ ಹಾಗಲ್ಲ, ಒಣ ನೆಲ ನೀರು ಕುಡಿದ ಹಾಗೆ. ಮೊದಲು ಗಟಗಟ ಕುಡಿಯುತ್ತದೆ, ಕೊನೆಯ ಕಾಲುಭಾಗಕ್ಕೆ ಗಂಟೆಗಟ್ಟಲೆ ತಗೊಳ್ಳುತ್ತದೆ. 150 ಎಎಚ್ ಟ್ಯೂಬುಲರ್‌ಗೆ 15 ಆಂಪ್ ಚಾರ್ಜರ್ ಹಾಕಿದರೆ ಅರ್ಧ ಖಾಲಿಯಾದದ್ದು ಪೂರ್ತಿ ತುಂಬಲು ಎಂಟು-ಹತ್ತು ಗಂಟೆ ಬೇಕು. ಮನೆಯಲ್ಲಾದರೆ ರಾತ್ರಿಯೆಲ್ಲಾ ಕರೆಂಟ್ ಇದೆ. ತೋಟದಲ್ಲಿ? ಪೂರ್ತಿ ತುಂಬದೆ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಒಂದೊಂದು ಟ್ರಿಪ್ಪಿಗೂ ಬ್ಯಾಟರಿ ಚೂರು ಚೂರು ಕುಗ್ಗುತ್ತದೆ. ಲಿಥಿಯಂಗೆ ಪೂರ್ತಿ ತುಂಬಲೇಬೇಕು ಅನ್ನುವ ಹಟ ಇಲ್ಲ. ಸಿಕ್ಕಷ್ಟು ಬೇಗಬೇಗ ತುಂಬಿಸಿಕೊಳ್ಳುತ್ತದೆ, ಅರ್ಧಕ್ಕೇ ಬಿಟ್ಟರೂ ತಕರಾರಿಲ್ಲ.

ಅದನ್ನು ತುಂಬಿಸಲು ನಿಮ್ಮಲ್ಲಿ ಆಗಲೇ ಒಂದು ಜನರೇಟರ್ ಇದೆ, ಬೊಲೆರೊದ ಎಂಜಿನ್. ಟ್ರೇಲರಿನಲ್ಲಿ 30 ಆಂಪಿನ ಡಿಸಿ-ಡಿಸಿ ಚಾರ್ಜರ್ (ಗಾಡಿಯ ಕರೆಂಟನ್ನು ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಹಾಕಿಸಿ. ಒಂದು ಗಂಟೆ ಗಾಡಿ ಓಡಿದರೆ 0.4 ಯೂನಿಟ್ ಬ್ಯಾಟರಿಗೆ ಸೇರುತ್ತದೆ. ಶಿವಮೊಗ್ಗದಿಂದ ಸಾಗರ ದಾಟಿ ತುಮರಿ ಸೇರಲು ಟ್ರೇಲರ್ ಕಟ್ಟಿಕೊಂಡು ಎರಡೂವರೆ-ಮೂರು ಗಂಟೆ ಅಲ್ವಾ? ದಾರಿಯುದ್ದಕ್ಕೂ ಫ್ರಿಜ್ ಗಾಡಿಯ ಕರೆಂಟಲ್ಲೇ ತಣ್ಣಗಾಗಿ, ಬ್ಯಾಟರಿ ತುಂಬಿದ್ದು ತುಂಬಿದಂತೆಯೇ ಇರುತ್ತದೆ. ಮೊದಲು ಹಿನ್ನೀರು ದಾಟಲು ಲಾಂಚಿಗೆ ಕಾಯುತ್ತಾ ಎಂಜಿನ್ ಆಫ್ ಮಾಡಿ ಕೂರಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಾಯುವ ಕೆಲಸ ತಪ್ಪಿತು. (ಲಾಂಚಿನ ಕಟಾಂಜನಕ್ಕೆ ಒರಗಿ ನೀರು ನೋಡುವ ಸುಖವೂ ತಪ್ಪಿತು, ಅದು ಬೇರೆ ಮಾತು.) ಎರಡು ದಿನಕ್ಕೆ ಬೇಕಾದ ಒಂದೂವರೆ ಯೂನಿಟ್ಟಿನಲ್ಲಿ 1.15 ಬ್ಯಾಟರಿ ಕೊಟ್ಟಿತು. ಉಳಿದದ್ದು 0.35. ಶನಿವಾರ ಮೀನೋ ತರಕಾರಿಯೋ ತರಲು ಒಂದು ಗಂಟೆ ಓಡಾಡುತ್ತೀರಾದರೆ ಟ್ರೇಲರ್ ಬಿಚ್ಚದೆ ಹೋಗಿಬನ್ನಿ, ಲೆಕ್ಕ ಸರಿಹೋಯಿತು.

ಗಾಡಿಯಿಂದ ನೇರವಾಗಿ ವೈರ್ ಎಳೆದು ಲಿಥಿಯಂಗೆ ಕೊಡಬಾರದಾ ಅಂತ ಕೇಳುತ್ತೀರಿ. ಬೇಡ. ಖಾಲಿ ಲಿಥಿಯಂ ಸಿಕ್ಕಷ್ಟೂ ಎಳೆಯುತ್ತದೆ. ಘಾಟಿಯಲ್ಲಿ ಒಂದನೇ ಗೇರಿನಲ್ಲಿ ತೆವಳುವಾಗ ಎದುರುಗಾಳಿ ಇರುವುದಿಲ್ಲ, ಆಲ್ಟರ್ನೇಟರ್ ಕಾದು ಸುಟ್ಟೀತು. ಹೊಸ ಗಾಡಿಗಳಲ್ಲಿ ಕೆಲವದರ ಆಲ್ಟರ್ನೇಟರ್ ಮನಸ್ಸಿಗೆ ಬಂದಾಗ ವೋಲ್ಟೇಜ್ ಇಳಿಸಿಬಿಡುತ್ತದೆ, ಆಗ ಏನೂ ತುಂಬುವುದಿಲ್ಲ. ಚಾರ್ಜರ್ ನಡುವೆ ಕೂತರೆ ಎರಡೂ ತೊಂದರೆ ಇಲ್ಲ. ಕ್ಯಾಂಪಿನಲ್ಲಿ ಫ್ರಿಜ್ ಗಾಡಿಯ ಬ್ಯಾಟರಿಯನ್ನು ಕುಡಿದು, ಬೆಳಿಗ್ಗೆ ಗಾಡಿಯೇ ಸ್ಟಾರ್ಟ್ ಆಗದೆ ನೆಂಟರ ಜೀಪ್ ಕರೆಯುವುದೂ ತಪ್ಪುತ್ತದೆ.

ಇಲ್ಲಿ ಜನ ದುಡ್ಡು ಉಳಿಸಲು ಹೋಗುವುದು ವೈರಿನಲ್ಲಿ. ಬಾನೆಟ್ಟಿನಿಂದ ಟ್ರೇಲರಿನ ತನಕ 6 ಮೀಟರ್ ಅಂದುಕೊಳ್ಳಿ, ಹೋಗಿ ಬರುವುದು ಸೇರಿ 12 ಮೀಟರ್. ಚಾರ್ಜರ್ ಗಾಡಿಯ ಕಡೆಯಿಂದ 37 ಆಂಪ್‌ನಷ್ಟು ಎಳೆಯುತ್ತದೆ. ಮನೆ ವೈರಿಂಗಿನಲ್ಲಿ ಉಳಿದ 4 ಚದರ ಮಿಮೀ ತಾಮ್ರದ ವೈರ್ ಹಾಕಿದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ಖರ್ಚು. 14 ಹೊರಟು 12 ತಲುಪಿತು, ವೈರ್ ಬೆಚ್ಚಗಾಯಿತು. 16 ಚದರ ಮಿಮೀ ಹಾಕಿದರೆ ಅರ್ಧ ವೋಲ್ಟ್ ಮಾತ್ರ. ಜೋಡಿಸಲು 50 ಆಂಪಿನ ಆಂಡರ್ಸನ್ ಪ್ಲಗ್ (ಜಾಸ್ತಿ ಕರೆಂಟ್ ತಡೆಯುವ ದಪ್ಪ ಪ್ಲಗ್) ಹಾಕಿಸಿ. ಟ್ರೇಲರಿನ ಲೈಟು, ಇಂಡಿಕೇಟರಿಗೆ ಇರುವ ಪಿನ್‌ಗಳಲ್ಲಿ ಇಷ್ಟು ಕರೆಂಟ್ ಹರಿಸಬೇಡಿ, ಕರಗುತ್ತದೆ. ಗಾಡಿಯ ಕಡೆ ಒಂದು ಫ್ಯೂಸ್, ಟ್ರೇಲರ್ ಬ್ಯಾಟರಿಯ ಕಡೆ ಒಂದು. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಕೇಬಲ್ ಬೆರಳು ಗಾತ್ರದ್ದು, ಆದಷ್ಟು ಗಿಡ್ಡ. ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 125 ಆಂಪಿನ ಫ್ಯೂಸ್ ಇರಲೇಬೇಕು. ಸ್ಪ್ಯಾನರ್ ಹಿಡಿಯುವ ಮೊದಲು ಉಂಗುರ ತೆಗೆದು ಜೇಬಿಗೆ ಹಾಕಿ. ಬ್ಯಾಟರಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕೆಂಪಗಾಗಲು ಒಂದು ಕ್ಷಣ ಸಾಕು.

ಸೋಲಾರ್ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ಖಂಡಿತ ಹೇಳುತ್ತಾರೆ. ಟ್ರೇಲರಿನ ತಲೆ ಮೇಲೆ ಪ್ಯಾನೆಲ್ ಕೂರಿಸಬೇಡಿ. ನೀವು ಟ್ರೇಲರ್ ನಿಲ್ಲಿಸುವುದು ನೆರಳಲ್ಲಿ, ಪ್ಯಾನೆಲ್ ಕೇಳುವುದು ಬಿಸಿಲು. ಅಡಿಕೆ ಸೋಗೆಯ ಒಂದು ನೆರಳು ಅಡ್ಡ ಬಿದ್ದರೂ ಪ್ಯಾನೆಲ್ಲಿನ ಮೂರನೇ ಒಂದು ಪಾಲು ಮಲಗಿಬಿಡಬಹುದು. 200 ವ್ಯಾಟಿನ ಮಡಚುವ ಪ್ಯಾನೆಲ್, 10 ಮೀಟರ್ ವೈರ್, ಒಂದು ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಆದಷ್ಟು ಜಾಸ್ತಿ ತೆಗೆದು ಬ್ಯಾಟರಿಗೆ ಕೊಡುವ ಪೆಟ್ಟಿಗೆ) ತಗೊಳ್ಳಿ. ಹಿನ್ನೀರು ಇಳಿದು ಬಯಲಾದ ಜಾಗದಲ್ಲಿ ಹರವಿದರೆ ಜನವರಿಯಿಂದ ಏಪ್ರಿಲ್ ತನಕ ದಿನಕ್ಕೆ ಅರ್ಧದಿಂದ ಮುಕ್ಕಾಲು ಯೂನಿಟ್ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನು ನಂಬಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಮಳೆಗಾಲದಲ್ಲಿ ಎರಡು ಗಂಟೆಗೊಮ್ಮೆ ಪ್ಯಾನೆಲ್ ತಿರುಗಿಸಲು ಹುಲ್ಲಿಗೆ ಇಳಿದರೆ ಬರುವುದು ಕರೆಂಟಲ್ಲ, ಕಾಲಿಗೆ ಇಂಬಳ.

ಮಳೆಗಾಲ ಅಂದಾಗ ಇನ್ನೊಂದು ವಿಷಯ, ನನ್ನ ಮಟ್ಟಿಗೆ ಇದೇ ದೊಡ್ಡದು. ಆ ನಾಲ್ಕು ತಿಂಗಳು ನಿಮ್ಮ ಟ್ರೇಲರ್ ಶೆಡ್ಡಿನಲ್ಲಿ ಸುಮ್ನೆ ನಿಂತಿರುತ್ತದೆ. ಸೀಸದ ಬ್ಯಾಟರಿಯನ್ನು ಹಾಗೆ ಬಿಟ್ಟರೆ ತಾನಾಗಿಯೇ ಇಳಿಯುತ್ತಾ ಹೋಗಿ, ದಸರಾ ಹೊತ್ತಿಗೆ ತೆಗೆದು ನೋಡಿದರೆ ಸಲ್ಫೇಟ್ ಹಿಡಿದಿರುತ್ತದೆ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಲು ನೆನಪಿಟ್ಟುಕೊಳ್ಳಬೇಕು, ಯಾರೂ ಇಟ್ಟುಕೊಳ್ಳುವುದಿಲ್ಲ. ಲಿಥಿಯಂ ಆದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿಸಿ, ವೈರ್ ಎಲ್ಲಾ ಬಿಚ್ಚಿ ಒಣಜಾಗದಲ್ಲಿಟ್ಟು ಮರೆತುಬಿಡಬಹುದು. ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಇಲ್ಲವಾದರೆ ಥಂಡಿಗೆ ಹಸಿರು ಹಿಡಿಯುತ್ತದೆ. ಟ್ರೇಲರಿನ ವೈರ್‌ಗಳನ್ನು ಪೈಪಿನೊಳಗೆ ಹಾಕಿಸಿ, ಶೆಡ್ಡಿನ ಇಲಿಗಳಿಗೆ ಮಳೆಗಾಲದಲ್ಲಿ ಬೇರೆ ಕೆಲಸ ಇರುವುದಿಲ್ಲ.

ಹೊರದೇಶದ ವಿಡಿಯೋ ನೋಡಿದ್ದರೆ, ಸೊನ್ನೆ ಡಿಗ್ರಿ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು ಅಂತ ಕೇಳಿರುತ್ತೀರಿ. ನಿಜ, ಆದರೆ ನಮ್ಮ ಚಳಿ ಅಲ್ಲಿಗೆ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ತಗಡಿನ ಪೆಟ್ಟಿಗೆಯೇ ನಮಗೆ ತೊಂದರೆ. ಬ್ಯಾಟರಿಯನ್ನು ಟ್ರೇಲರಿನ ಒಳಗೆ, ಅಚ್ಚಿನ ಮೇಲೆ ತಗ್ಗಿನಲ್ಲಿಟ್ಟು ಬೆಲ್ಟ್ ಬಿಗಿಯಿರಿ.

ಕೊಳ್ಳುವಾಗ ಹುಷಾರು. ನನಗೇ ಒಬ್ಬರು 100 ಎಎಚ್ ಅಂತ ಸ್ಟಿಕರ್ ಅಂಟಿಸಿದ ಪೆಟ್ಟಿಗೆ ಮಾರಿದ್ದರು, ಬೆಲೆಯೂ ಅಗ್ಗ. ಎತ್ತಿದಾಗಲೇ ಅನುಮಾನ ಬರಬೇಕಿತ್ತು, 7 ಕೆಜಿ ಇತ್ತು. ಈ ಜಾತಿಯ 100 ಎಎಚ್ ಸೆಲ್ ಒಂದೊಂದೇ 2 ಕೆಜಿ ಹತ್ತಿರ ತೂಗುತ್ತದೆ, ಅಂಥ ನಾಲ್ಕು ಸೇರಿದರೆ 12.8 ವೋಲ್ಟ್. ಸೆಲ್‌ಗಳೇ 8 ಕೆಜಿ ಆದ ಮೇಲೆ ಪೆಟ್ಟಿಗೆ ಸೇರಿ 7 ಹೇಗೆ ಬರುತ್ತದೆ? ಆದ್ದರಿಂದ ಅಂಗಡಿಯಲ್ಲೇ ತಕ್ಕಡಿಗೆ ಹಾಕಿಸಿ, ಸಂಕೋಚ ಬೇಡ. ಲಿಥಿಯಂ ಐರನ್ ಫಾಸ್ಫೇಟ್ ಹೌದೋ ಅಲ್ಲವೋ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕನಿಷ್ಠ 100 ಆಂಪಿನದಿರಲಿ, ಮಿಕ್ಸಿ ಶುರುವಾಗುವ ಏಟಿಗೆ ಸಣ್ಣದು ಕೈಕೊಡುತ್ತದೆ. ಬೆಲೆ ಟ್ಯೂಬುಲರ್‌ಗಿಂತ ಸುಮಾರು ಎರಡು ಪಟ್ಟು, ಅದಕ್ಕೂ ಜಾಸ್ತಿ ಆಗಬಹುದು. ಆದರೆ ಎರಡು ಬ್ಯಾಟರಿ ಬೇಡ. ಒಂದೇ 100 ಎಎಚ್ ತಗೊಂಡು, ಉಳಿದ ದುಡ್ಡನ್ನು ಡಿಸಿ-ಡಿಸಿ ಚಾರ್ಜರ್, ದಪ್ಪ ವೈರ್ ಮತ್ತು ಒಂದು ಶಂಟ್ ಮೀಟರಿಗೆ ಹಾಕಿ. ಶಂಟ್ ಮೀಟರ್ ಯಾಕೆಂದರೆ, ಲಿಥಿಯಂ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗುವುದಿಲ್ಲ. ಮುಕ್ಕಾಲು ಇದ್ದಾಗಲೂ ಅರ್ಧ ಇದ್ದಾಗಲೂ ಹತ್ತಿರ ಹತ್ತಿರ ಅದೇ 13 ಚಿಲ್ಲರೆ ತೋರಿಸುತ್ತದೆ, ಕೊನೆಗೆ ಒಮ್ಮೆಲೇ ಬೀಳುತ್ತದೆ. ಶಂಟ್ ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಎಣಿಸುತ್ತದೆ.

ನಿಮ್ಮ ಹಳೆಯ ಟ್ಯೂಬುಲರ್ ಮನೆಯಲ್ಲೇ ಇರಲಿ. ಅದರಲ್ಲಿ ಎಷ್ಟು ಜೀವ ಇದೆ ಅಂತ ನೋಡಬೇಕಿದ್ದರೆ, ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಡಿ. ಆಮೇಲೆ 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬ್ ಕಟ್ಟಿ ಎಂಟು ಗಂಟೆ ಉರಿಸಿ. ಬಲ್ಬ್ ಬಿಚ್ಚಿ, ಒಂದು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. 12.2 ಆಸುಪಾಸು ಇದ್ದರೆ ಚೆನ್ನಾಗಿದೆ. 11.9ಕ್ಕಿಂತ ಕೆಳಗೆ ಇದ್ದರೆ ಅರ್ಧ ಹೋಗಿದೆ, ಮುಂದಿನ ಮಳೆಗಾಲಕ್ಕೆ ಮೊದಲು ಬದಲಾಯಿಸಿ. ಹೊಸ ಲಿಥಿಯಂ ತಂದು ಮನೆಯ ಹಳೆ ಇನ್ವರ್ಟರಿಗೆ ಹಾಗೇ ಸಿಕ್ಕಿಸುವ ಆಸೆ ಮಾತ್ರ ಬೇಡ. ಟ್ಯೂಬುಲರ್ ಸೆಟ್ಟಿಂಗಿನಲ್ಲಿ ಅದು ಕೊಡುವ ವೋಲ್ಟೇಜ್ ಲಿಥಿಯಂಗೆ ಜಾಸ್ತಿ ಆಗಬಹುದು. ಇನ್ವರ್ಟರಿನಲ್ಲಿ ಲಿಥಿಯಂ ಮೋಡ್ ಇದೆಯಾ ನೋಡಿಕೊಳ್ಳಿ.

ಎಲ್ಲಾ ಜೋಡಿಸಿದ ಮೇಲೆ ತುಮರಿಗೆ ಹೊರಡುವ ಮೊದಲು ಒಂದು ರಾತ್ರಿ ಮನೆಯಂಗಳದಲ್ಲೇ ಟ್ರೇಲರಿನಲ್ಲಿ ಮಲಗಿ ನೋಡಿ, ಮನೆಯ ಪ್ಲಗ್ ಮುಟ್ಟದೆ. ಬೆಳಿಗ್ಗೆ ಶಂಟ್ ಎಷ್ಟು ತೋರಿಸುತ್ತದೆ ಬರೆದಿಟ್ಟುಕೊಳ್ಳಿ. ಫ್ರಿಜ್ಜಿನ ಲೆಕ್ಕ ನಾನು ಹೇಳಿದ್ದಕ್ಕಿಂತ ಜಾಸ್ತಿ ಬಂದಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು, ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವ ಮಕ್ಕಳನ್ನು ವಿಚಾರಿಸಿ.